ಹೃದಯಕ್ಕೆ ಮೊದಲು ಕಣ್ಣು

ಹೃದಯ ಕಸಿಗೆ ಕಾದಿರುವವರು ಇಂದಿಗೂ ಇನ್ನೊಂದು ಮನೆಯ ಸಾವಿನ ಕಡೆಗೇ ನೋಡಬೇಕಾಗಿದೆ. ಕರ್ನಾಟಕದವರು ‘ಜೀವಸಾರ್ಥಕತೆ’ಯಲ್ಲಿ, ಆಂಧ್ರದವರು ‘ಜೀವನ್‌ದಾನ್’ನಲ್ಲಿ ಹೆಸರು ಬರೆಸಿ, ರಕ್ತದ ಗುಂಪು ಹೊಂದುವ ದಾನಿಗಾಗಿ ಕಾಯುತ್ತಾರೆ. ಹೃದಯ ಸಿಕ್ಕಮೇಲೂ ದೇಹ ಅದನ್ನು ಹೊರಗಿನದೆಂದು ತಳ್ಳದಂತೆ ಬದುಕಿಡೀ ಮಾತ್ರೆ ನುಂಗಬೇಕು. ರೋಗಿಯ ಕೋಶಗಳಿಂದಲೇ ಹೊಸ ಅಂಗ ಬೆಳೆಸಿದರೆ ಎರಡು ಕಷ್ಟವೂ ತಪ್ಪುತ್ತವೆ. ಪುನರುತ್ಪಾದಕ ವೈದ್ಯಶಾಸ್ತ್ರ ಹುಟ್ಟಿದ್ದೇ ಈ ಆಸೆಯಿಂದ.

2008ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ಡೋರಿಸ್ ಟೇಲರ್ ಮತ್ತು ಹೆರಾಲ್ಡ್ ಓಟ್ ಸತ್ತ ಇಲಿಯ ಹೃದಯದೊಳಗೆ ಮಾರ್ಜಕ ಹರಿಸಿ ಕೋಶಗಳನ್ನೆಲ್ಲ ತೊಳೆದರು. ಉಳಿದದ್ದು ರಕ್ತನಾಳಗಳ ದಾರಿಯೂ ಸೇರಿದಂತೆ ಬಿಳಿಚಿಕೊಂಡ ಒಂದು ಹಂದರ. ಅದಕ್ಕೆ ಎಳೆ ಇಲಿಗಳ ಕೋಶ ತುಂಬಿದರು. ಕೆಲವೇ ದಿನಗಳಲ್ಲಿ ಅದು ಮಿಡಿಯತೊಡಗಿತು. ಆದರೆ ಅದರ ಬಲ ಬೆಳೆದ ಇಲಿಯ ಹೃದಯದ ಸುಮಾರು ನೂರಕ್ಕೆ ಎರಡು ಪಾಲು ಮಾತ್ರ. 2019ರಲ್ಲಿ ಟೆಲ್ ಅವೀವ್‌ನ ತಾಲ್ ದ್ವಿರ್ ತಂಡ ಮನುಷ್ಯರ ಕೋಶಗಳಿಂದ ಪುಟ್ಟ ಹೃದಯವನ್ನು 3ಡಿ ಮುದ್ರಣದಲ್ಲಿ ಮೂಡಿಸಿ ತೋರಿಸಿತು. ಅದರ ಕೋಶಗಳು ಸಂಕುಚಿಸಿದವು, ಒಂದಾಗಿ ರಕ್ತ ದೂಡುವಷ್ಟು ಅಲ್ಲ.

ತೊಡಕಿರುವುದು ದಪ್ಪದಲ್ಲಿ. ಕೂದಲೆಳೆಯ ಒಂದೆರಡು ಪಟ್ಟು ದೂರದೊಳಗೆ ರಕ್ತ ಹರಿಯದಿದ್ದರೆ ಸ್ನಾಯುಕೋಶ ಉಸಿರುಕಟ್ಟಿ ಸಾಯುತ್ತದೆ. ಮನುಷ್ಯನ ಹೃದಯದಲ್ಲಿ ಅಂಥ ಕೋಶಗಳು ನೂರಾರು ಕೋಟಿ. ಎಲ್ಲಕ್ಕೂ ನಾಳ ಬೇಕು, ಎಲ್ಲವೂ ಒಂದೇ ತಾಳಕ್ಕೆ ಬಡಿಯಬೇಕು. ಹಾಗಾಗಿ ಇಡೀ ಹೃದಯದ ಮಾತು ಸದ್ಯ ಹಿಂದೆ ಸರಿದಿದೆ, ತೇಪೆ ಮುಂದೆ ಬಂದಿದೆ. ಜರ್ಮನಿಯ ಗ್ಯೋಟಿಂಗನ್‌ನಲ್ಲಿ ವೋಲ್ಫ್‌ರಾಮ್ ಜಿಮ್ಮರ್‌ಮನ್ ತಂಡ ಪ್ರಯೋಗಾಲಯದಲ್ಲಿ ಬೆಳೆಸಿದ ಸ್ನಾಯುವಿನ ತೇಪೆಯನ್ನು ಸೋತ ಹೃದಯಕ್ಕೆ ಹೊಲಿದು, ಅದು ಒಳಗೆ ಬದುಕಿ ಉಳಿದದ್ದನ್ನು 2025ರಲ್ಲಿ ವರದಿ ಮಾಡಿತು.

ಆತುರಕ್ಕೆ ಜೀವಗಳೂ ಬಲಿಯಾಗಿವೆ. ಸ್ವೀಡನ್‌ನ ಕ್ಯಾರೊಲಿನ್ಸ್ಕಾ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯ ಪಾವ್ಲೊ ಮಾಕಿಯಾರಿನಿ 2011ರಿಂದ ಪ್ಲಾಸ್ಟಿಕ್ ಶ್ವಾಸನಾಳಕ್ಕೆ ಆಕರ ಕೋಶ (ಸ್ಟೆಮ್ ಸೆಲ್) ಸವರಿ ರೋಗಿಗಳಿಗೆ ಜೋಡಿಸಿದ. ಪ್ರಾಣಿಗಳ ಮೇಲೆ ಸರಿಯಾಗಿ ಪರೀಕ್ಷಿಸಿರಲೇ ಇಲ್ಲ. ರೋಗಿಗಳು ಸತ್ತರು. 2023ರಲ್ಲಿ ಮೇಲ್ಮನವಿ ನ್ಯಾಯಾಲಯ ಅವನಿಗೆ ಎರಡೂವರೆ ವರ್ಷ ಸೆರೆವಾಸ ವಿಧಿಸಿತು. ಆಕರ ಕೋಶದ ಹೆಸರಿನಲ್ಲಿ ಯಾವ ಕಾಯಿಲೆಗೂ ಚುಚ್ಚುಮದ್ದು ಮಾರುವ ಜಾಹೀರಾತು ಕಂಡಾಗಲೆಲ್ಲ ಈ ಪ್ರಕರಣ ನೆನಪಾಗಬೇಕು.

ಇಷ್ಟರ ನಡುವೆ ಸದ್ದಿಲ್ಲದೆ ಗೆದ್ದ ಅಂಗ ಕಣ್ಣು. ಆ ಗೆಲುವಿನ ದೊಡ್ಡ ಪಾಲು ನಮ್ಮ ನೆರೆಯ ತೆಲುಗು ನಾಡಿನದು. ಅದರ ಕಥೆ ಶುರುವಾಗುವುದು ಸುಟ್ಟ ಕಣ್ಣುಗಳಿಂದ.

ವಿಶಾಖಪಟ್ಟಣದ ಹೊರವಲಯದ ಪರವಾಡದಲ್ಲಿ ಜವಾಹರಲಾಲ್ ನೆಹರೂ ಫಾರ್ಮಾ ಸಿಟಿ ಇದೆ. ಔಷಧ ತಯಾರಿಸುವ ಇಂಥ ನೆಲೆಗಳಲ್ಲಿ ಆಮ್ಲ, ಕಾಸ್ಟಿಕ್ ಸೋಡಾ ದಿನದ ಸರಕು. ಆಮ್ಲಕ್ಕಿಂತ ಕ್ಷಾರ ಕಣ್ಣಿಗೆ ಹೆಚ್ಚು ಅಪಾಯಕಾರಿ, ಅದು ಒಳಗೊಳಗೇ ಇಳಿಯುತ್ತದೆ. ಕಾರ್ಖಾನೆಯೇ ಬೇಕೆಂದಿಲ್ಲ. ಎಲೆ ಅಡಿಕೆಯ ಸುಣ್ಣದ ಪೊಟ್ಟಣ ಮಕ್ಕಳ ಕೈಯಲ್ಲಿ ಸಿಡಿದು ಕಣ್ಣು ಸುಡುವುದು ನಮ್ಮ ದೇಶದ ಕಣ್ಣಾಸ್ಪತ್ರೆಗಳಿಗೆ ಚೆನ್ನಾಗಿ ಗೊತ್ತು. ಹಾಗಾದರೆ ಆಸ್ಪತ್ರೆಗೆ ಓಡುವ ಮೊದಲು ಅಲ್ಲೇ ಶುದ್ಧ ನೀರಿನಲ್ಲಿ ತುಂಬ ಹೊತ್ತು ತೊಳೆಯಬೇಕು.

ಕಪ್ಪುಗುಡ್ಡೆ ಬಿಳಿಗುಡ್ಡೆಗಳು ಕೂಡುವ ಅಂಚನ್ನು ಲಿಂಬಸ್ ಎನ್ನುತ್ತಾರೆ. ಕಣ್ಣಿನ ಮುಂಭಾಗದ ಪಾರದರ್ಶಕ ಹೊದಿಕೆಯಾದ ಕಾರ್ನಿಯಾದ ಮೇಲ್ಪದರವನ್ನು ದಿನವೂ ಹೊಸದು ಮಾಡುವ ಆಕರ ಕೋಶಗಳ ನೆಲೆ ಅದೇ. ಅದು ಸುಟ್ಟರೆ ಬಿಳಿಗುಡ್ಡೆಯ ಪದರ ರಕ್ತನಾಳಗಳೊಡನೆ ಕಾರ್ನಿಯಾದ ಮೇಲೆ ಹಬ್ಬಿ ನೋಟ ಮುಚ್ಚುತ್ತದೆ. ದಾನದ ಕಾರ್ನಿಯಾ ಕೂರಿಸಿದರೂ ಉಳಿಯದು, ಅದರ ಮೇಲ್ಪದರವನ್ನು ನವೀಕರಿಸುವ ಮೂಲವೇ ಬತ್ತಿರುತ್ತದೆ.

ಇಟಲಿಯ ಗ್ರಾಝಿಯೆಲ್ಲಾ ಪೆಲ್ಲೆಗ್ರಿನಿ ಮತ್ತು ಮಿಕೇಲೆ ದೆ ಲೂಕಾ 1997ರಲ್ಲಿ ದಾರಿ ತೋರಿದರು: ರೋಗಿಯ ಚೆನ್ನಾಗಿರುವ ಕಣ್ಣಿನಿಂದ ಲಿಂಬಸ್‌ನ ಚೂರು ತೆಗೆದು, ಪ್ರಯೋಗಾಲಯದಲ್ಲಿ ಹಾಳೆಯಾಗಿ ಬೆಳೆಸಿ, ಸುಟ್ಟ ಕಣ್ಣಿಗೆ ಹೊದಿಸುವುದು. ಹೈದರಾಬಾದಿನ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆಯಲ್ಲಿ ವೀರೇಂದರ್ ಸಂಗ್ವಾನ್, ಗೀತಾ ವೇಮುಗಂಟಿ ಮತ್ತು ಸಂಗಡಿಗರು 2001ರಿಂದ ಇದನ್ನು ತಮ್ಮದೇ ರೀತಿಯಲ್ಲಿ ಮಾಡಿದರು. ಕೋಶಗಳಿಗೆ ಹಾಸಾಗಿ ಬಳಸಿದ್ದು ಹೆರಿಗೆಯಲ್ಲಿ ಮಾಸಿನೊಂದಿಗೆ ಬರುವ ತೆಳು ಪೊರೆ. ಹಾಳೆ ಬೆಳೆಯಲು ಸುಮಾರು ಎರಡು ವಾರ. 2011ರಲ್ಲಿ ಪ್ರಕಟಿಸಿದ ಹತ್ತು ವರ್ಷಗಳ ಲೆಕ್ಕದಲ್ಲಿ 200 ರೋಗಿಗಳ ಪೈಕಿ ಶೇ 71ರಷ್ಟು ಮಂದಿಯಲ್ಲಿ ಚಿಕಿತ್ಸೆ ಫಲಿಸಿತ್ತು.

ನನ್ನ ಮಟ್ಟಿಗೆ ಈ ಕಥೆಯ ಅತಿ ದೊಡ್ಡ ಹೆಜ್ಜೆ ಆಮೇಲಿನದು. 2012ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಸಂಗ್ವಾನ್, ಸಯನ್ ಬಸು ಮತ್ತಿತರರು ಪ್ರಯೋಗಾಲಯವನ್ನೇ ಬಿಟ್ಟುಬಿಟ್ಟರು. ಚೆನ್ನಾಗಿರುವ ಕಣ್ಣಿನಿಂದ ಎರಡು ಮಿಲಿಮೀಟರಿನಷ್ಟು ಅಂಚು ತೆಗೆದು, ಎಂಟು ಹತ್ತು ಚೂರು ಮಾಡಿ, ಸುಟ್ಟ ಕಣ್ಣನ್ನು ಹಸನುಮಾಡಿ ಪೊರೆ ಹಾಸಿ, ಅದರ ಮೇಲೆ ಚೂರುಗಳನ್ನು ಫೈಬ್ರಿನ್ ಅಂಟಿನಿಂದ ಕೂರಿಸುವುದು. ಒಟ್ಟಲು ಪಾತಿಯಲ್ಲಿ ಸಸಿ ಎಬ್ಬಿಸಿ ಕಿತ್ತು ನೆಡುವ ಬದಲು ಗದ್ದೆಗೇ ಬೀಜ ಎರಚಿದಂತೆ. ಬೆಳೆಸುವ ಕೆಲಸ ಕಣ್ಣಿನದೇ. ‘ಸ್ಲೆಟ್’ ಎಂದು ಹೆಸರಾದ ಈ ವಿಧಾನ 125 ರೋಗಿಗಳ 2016ರ ವರದಿಯಲ್ಲಿ ಶೇ 76ರಷ್ಟು ಗೆದ್ದಿತು. ಕೋಶ ಬೆಳೆಸುವ ದುಬಾರಿ ಕೋಣೆ ಬೇಡ, ಎರಡನೇ ಶಸ್ತ್ರಚಿಕಿತ್ಸೆ ಬೇಡ. ಕಾರ್ನಿಯಾ ಪರಿಣತರೂ ಆಪರೇಷನ್ ಥಿಯೇಟರೂ ಇದ್ದಲ್ಲಿ ಮಾಡಬಹುದು. ಇದೇ ಸಂಸ್ಥೆ 2006ರಲ್ಲಿ ವಿಶಾಖಪಟ್ಟಣದಲ್ಲಿ, 2011ರಲ್ಲಿ ವಿಜಯವಾಡದ ತಾಡಿಗಡಪದಲ್ಲಿ ಕೇಂದ್ರ ತೆರೆದಿದ್ದುದರ ಬೆಲೆ ಆಗ ತಿಳಿಯುತ್ತದೆ.

ಎರಡೂ ಕಣ್ಣು ಸುಟ್ಟವರಿಗೆ ಈ ದಾರಿಯಿಲ್ಲ, ತೆಗೆಯಲು ಅಂಚೇ ಉಳಿದಿರುವುದಿಲ್ಲ. ಶಿನ್ಯಾ ಯಮನಾಕಾ 2006ರಲ್ಲಿ ಇಲಿಯ ಸಾಮಾನ್ಯ ಕೋಶಗಳನ್ನು ಭ್ರೂಣದ ಸ್ಥಿತಿಗೆ ಮರಳಿಸಿ ಕಂಡುಕೊಂಡ ಐಪಿಎಸ್ ಕೋಶಗಳು ಇಲ್ಲಿ ಆಸರೆಯಾಗುತ್ತಿವೆ. ಜಪಾನಿನ ಒಸಾಕಾದಲ್ಲಿ ಕೋಜಿ ನಿಶಿದಾ ತಂಡ ಅಂಥ ಕೋಶಗಳಿಂದ ಬೆಳೆಸಿದ ಹಾಳೆಗಳನ್ನು ನಾಲ್ವರಿಗೆ ಹೊದಿಸಿ ಫಲಿತಾಂಶವನ್ನು 2024ರಲ್ಲಿ ಪ್ರಕಟಿಸಿತು. ಈ ಕೋಶಗಳ ಕೆಲಸ ನಮ್ಮಲ್ಲೂ ನಡೆದಿದೆ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಬೆಂಗಳೂರಿನ ನಾರಾಯಣ ನೇತ್ರಾಲಯ ಅವರ ಎರಡು ಕಾರ್ನಿಯಾಗಳ ಪದರ ಬಿಡಿಸಿ ನಾಲ್ವರಿಗೆ ನೋಟ ಕೊಟ್ಟ ಸುದ್ದಿ ಕನ್ನಡಿಗರಿಗೆಲ್ಲ ಗೊತ್ತು. ಕಸಿಗೆ ಬಳಸದ ಲಿಂಬಸ್ ಅಂಚನ್ನು ಐಪಿಎಸ್ ಕೋಶ ತಯಾರಿಸಲು ತಮ್ಮ ಪ್ರಯೋಗಾಲಯಕ್ಕೆ ಕಳಿಸಿದ್ದಾಗಿಯೂ ಅಲ್ಲಿನ ವೈದ್ಯರು ಆಗ ಹೇಳಿದ್ದರು. ಆ ಮಾತಿಗೆ ಅಷ್ಟು ಪ್ರಚಾರ ಸಿಗಲಿಲ್ಲ.

ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದ ಅರುಣ್ ಚಂದ್ರು, ತುಹಿನ್ ಭೌಮಿಕ್ ಕಟ್ಟಿದ ಬೆಂಗಳೂರಿನ ಪಂಡೋರಮ್ ಕಂಪನಿ 2015ರಲ್ಲಿ ಯಕೃತ್ತಿನ ಅಂಗಾಂಶ ಮುದ್ರಿಸಿ ಹೆಸರು ಮಾಡಿತ್ತು. ಅದೂ ಬಳಿಕ ಕಾರ್ನಿಯಾದ ಕಡೆ ಹೊರಳಿತು. ತೆಳು ಅಂಗ, ರಕ್ತನಾಳವಿಲ್ಲ, ಕಣ್ಣೆದುರೇ ಕಾಣುವ ಫಲಿತಾಂಶ. ಹೃದಯದ ದಪ್ಪದ ತೊಡಕೇ ಇಲ್ಲಿಲ್ಲ. 2022ರಲ್ಲಿ ಎಲ್.ವಿ. ಪ್ರಸಾದ್ ಸಂಸ್ಥೆ, ಹೈದರಾಬಾದ್ ಐಐಟಿ ಮತ್ತು ಕೋಶ ಹಾಗೂ ಅಣು ಜೀವವಿಜ್ಞಾನ ಕೇಂದ್ರ (ಸಿಸಿಎಂಬಿ) ಸೇರಿ ಕಾರ್ನಿಯಾ ಮುದ್ರಿಸಿ ಮೊಲದ ಕಣ್ಣಿಗೆ ಕೂರಿಸಿದವು. ಮುದ್ರಣಕ್ಕೆ ಶಾಯಿಯಂತೆ ಬಳಸಿದ ಲೋಳೆ ತಯಾರಾದದ್ದು ಮನುಷ್ಯರ ಕಾರ್ನಿಯಾದಿಂದ ಕೋಶಗಳನ್ನು ತೊಳೆದು ತೆಗೆದು, ಟೇಲರ್ ಇಲಿಯ ಹೃದಯವನ್ನು ತೊಳೆದ ಅದೇ ಉಪಾಯದಲ್ಲಿ. ಕಸಿಗೆ ಒಪ್ಪದೆ ನೇತ್ರನಿಧಿಗಳಲ್ಲಿ ಬದಿಗೆ ಸರಿಯುವ ದಾನದ ಕಣ್ಣುಗಳಿಗೂ ಇದರಿಂದ ಕೆಲಸ ಸಿಗುತ್ತದೆ.