ಅಪ್ಪೆ

ಅಪ್ಪೆ: ತುಳುವಿನಲ್ಲಿ 'ತಾಯಿ' ಎಂಬ ಅರ್ಥದ ನಾಮಪದ. ಕನ್ನಡದ 'ಅಪ್ಪ', ತಮಿಳಿನ 'ಅಪ್ಪನ್' ಇದರ ಜ್ಞಾತಿಪದಗಳು. ಅಲ್ಲಿ ಅರ್ಥ ತಂದೆ. ತುಳುವಿನಲ್ಲಿ ತಂದೆಗೆ 'ಅಮ್ಮೆ', ಗೌರವದಿಂದ 'ಅಮ್ಮೆರ್'. ಕನ್ನಡಿಗರ 'ಅಪ್ಪ ಅಮ್ಮ', ತುಳುವರ 'ಅಪ್ಪೆ ಅಮ್ಮೆ' ಎರಡರಲ್ಲೂ ಧ್ವನಿಗಳ ಕ್ರಮ ಒಂದೇ. ಕನ್ನಡದಲ್ಲಿ ತಂದೆ ಮೊದಲು, ತುಳುವಿನಲ್ಲಿ ತಾಯಿ ಮೊದಲು.

ಬಳಕೆ
ಉಡುಪಿಯಿಂದ ಮಣಿಪಾಲಕ್ಕೆ ಹೋಗುವ ದಾರಿಯಲ್ಲಿ ಸಿಗುವ ಕಡಿಯಾಳಿ ಮಹಿಷಮರ್ದಿನಿಯ ಕ್ಷೇತ್ರ. ಕನ್ನಡ ಮನೆಮಾತಿನವರು ಅಮ್ಮ ಎಂದು ಕೈಮುಗಿಯುವ ದೇವಿ ತುಳುವರಿಗೆ ಅಪ್ಪೆ. ಕಟೀಲಿನ ದುರ್ಗಾಪರಮೇಶ್ವರಿಯೂ 'ಕಟೀಲಪ್ಪೆ'. ತಾಯ್ನುಡಿಗೆ ತುಳುವರು ಹೇಳುವುದು 'ಅಪ್ಪೆ ಬಾಸೆ'. ತುಳು ಬಾರದ ಕನ್ನಡಿಗ ಅದನ್ನು ಅಪ್ಪನ ಭಾಷೆ ಎಂದು ತಿಳಿದರೆ ಅಚ್ಚರಿಯಿಲ್ಲ.

ವ್ಯಾಕರಣ
ತುಳುವಿನ ಎರಡೂ ಪದ ಎಕಾರಾಂತ, ಕನ್ನಡದ ಎರಡೂ ಅಕಾರಾಂತ. ಪದದ ಕೊನೆಯನ್ನಷ್ಟೇ ನೋಡಿ ಲಿಂಗ ಹೇಳಲಾಗದು; ಅದನ್ನು ತೋರುವುದು ಕ್ರಿಯಾಪದ. 'ಅಪ್ಪೆ ಬತ್ತಳ್' ಎಂದರೆ ತಾಯಿ ಬಂದಳು, 'ಅಮ್ಮೆ ಬತ್ತೆ' ಎಂದರೆ ತಂದೆ ಬಂದ, 'ಅಮ್ಮೆರ್ ಬತ್ತೆರ್' ಎಂದರೆ ತಂದೆ ಬಂದರು. ಕನ್ನಡದ 'ಅಪ್ಪ'ನಿಗೆ ಇನ್ನೊಂದು ಕೆಲಸವೂ ಉಂಟು: 'ಬಾರಪ್ಪ', 'ಹೌದಪ್ಪ' ಎನ್ನುವಾಗ ಅದು ತಂದೆಯಲ್ಲ, ಮಾತಿಗೆ ಸಲಿಗೆ ತುಂಬುವ ಪ್ರತ್ಯಯ.

ನೆರೆಭಾಷೆಗಳು
ಹಳಗನ್ನಡದಲ್ಲಿ ತಾಯಿ 'ಅಬ್ಬೆ'. ರನ್ನನಿಂದ 993ರಲ್ಲಿ ಅಜಿತಪುರಾಣ ಬರೆಸಿದ ಅತ್ತಿಮಬ್ಬೆಯ ಹೆಸರಿನಲ್ಲಿ ಅದು ಉಳಿದಿದೆ. ಹವ್ಯಕರ ಮನೆಗಳಲ್ಲಿ ಇಂದಿಗೂ ಅಬ್ಬೆ, ಕುಂದಾಪುರದ ಕಡೆ 'ಅಬ್ಬಿ'. ತೆಲುಗಿನಲ್ಲಿ 'ಅಪ್ಪ' ಅಕ್ಕನೂ ಆಗುತ್ತಾಳೆ. ಮಲಯಾಳದ 'ಅಮ್ಮಾವನ್', ತಮಿಳಿನ 'ಅಮ್ಮಾನ್' ಸೋದರಮಾವಂದಿರು. ಬ್ಯಾರಿ ಮನೆಗಳ ತಾಯಿ 'ಉಮ್ಮ'. ದೂರದ ಜಾರ್ಜಿಯನ್ ಭಾಷೆಯಲ್ಲೂ ತುಳುವಿನಂಥದೇ ಅದಲುಬದಲು: ಅಲ್ಲಿ 'ಮಾಮಾ' ತಂದೆ, 'ದೇದಾ' ತಾಯಿ. ತುಟಿ ಕೂಡಿಸಿ ಹೇಳುವ ಪ, ಬ, ಮ ಧ್ವನಿಗಳು ಮಕ್ಕಳ ಬಾಯಿಗೆ ಬೇಗ ಹತ್ತುತ್ತವೆ. ಯಾವುದನ್ನು ಯಾರ ಹೆಸರಾಗಿ ಸ್ವೀಕರಿಸಬೇಕೆಂಬುದನ್ನು ಗೊತ್ತುಮಾಡುವವರು ಹಿರಿಯರು. ಭಾಷಾವಿಜ್ಞಾನಿ ರೋಮನ್ ಯಾಕಬ್‌ಸನ್ ಇಂಥ ಪದಗಳ ಹುಟ್ಟನ್ನು ಮಗುವಿನ ತೊದಲಿನಲ್ಲೇ ಹುಡುಕಿದರು.

ನಿಘಂಟುಗಳು
ಬಾಸೆಲ್ ಮಿಷನ್ನಿನ ಮ್ಯಾನರ್ ತುಳು–ಇಂಗ್ಲಿಷ್ ನಿಘಂಟನ್ನು 1886ರಲ್ಲಿ ಮಂಗಳೂರಿನಲ್ಲಿ ಹೊರತಂದರು. ನೂರು ವರ್ಷಗಳ ಬಳಿಕ ತುಳುವಿನ ಮಹಾಕೋಶ ಕಡಿಯಾಳಿಯ ನೆರೆಯಲ್ಲೇ ಸಿದ್ಧವಾಯಿತು. ಕುಂಜಿಬೆಟ್ಟಿನ ಎಂ.ಜಿ.ಎಂ. ಕಾಲೇಜಿನ ಆವರಣದಲ್ಲಿರುವ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರವು ಡಾ. ಯು. ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ 1988ರಿಂದ 1997ರವರೆಗೆ ತುಳು ನಿಘಂಟಿನ ಆರು ಸಂಪುಟಗಳನ್ನು ಪ್ರಕಟಿಸಿತು.

ಇಂದು
ಈಗ ಎಷ್ಟೋ ತುಳು ಮನೆಗಳಲ್ಲಿ ಮಕ್ಕಳು ಕೂಗುವುದು 'ಅಮ್ಮ', 'ಪಪ್ಪ' ಎಂದೇ. ಆದರೆ ಅಂಥ ಮನೆಯವರೂ ಕಟೀಲಿಗೆ ಹೋದಾಗ ಕರೆಯುವ ಹೆಸರು, ತಮ್ಮ ನುಡಿಯನ್ನು ಅಭಿಮಾನದಿಂದ ಹೇಳಿಕೊಳ್ಳುವಾಗ ಬಾಯಿಗೆ ಬರುವ ಮಾತು, ಎರಡೂ ಅಪ್ಪೆಯೇ.