ಹಾಬ್ ಕೊಳ್ಳುವ ಮುನ್ನ ನೋಡಿ: ಮನೆಯಲ್ಲಿರುವುದು ಸಿಲಿಂಡರೋ, ಪೈಪ್ ಗ್ಯಾಸೋ?

ಮುಂಬೈ, ಪುಣೆ, ದೆಹಲಿಯಂಥ ನಗರಗಳ ಹೊಸ ಫ್ಲ್ಯಾಟ್‌ಗಳಲ್ಲಿ ಕಟ್ಟೆಯ ಮೇಲೆ ಕೂರುವ ಗ್ಯಾಸ್ ಸ್ಟೌ ಬದಲು ಗ್ರಾನೈಟ್ ಕೊರೆದು ಕಟ್ಟೆಯೊಳಗೇ ಕೂರಿಸುವ ಹಾಬ್ ಈಗ ಸಾಮಾನ್ಯ. ಎರಡು ಗ್ಯಾಸ್ ಬರ್ನರ್ ಜೊತೆಗೆ ಒಂದೋ ಎರಡೋ ಇಂಡಕ್ಷನ್ ಅಥವಾ ಸೆರಾಮಿಕ್ ಒಲೆ ಇರುವ ಹೈಬ್ರಿಡ್ ಹಾಬ್‌ಗಳೂ ಸಿಗುತ್ತವೆ. ನೋಡಲು ಚೆಂದ, ಒರೆಸಲು ಸುಲಭ. ಆದರೆ ಸ್ಟೌ ಆದರೆ ಎತ್ತಿ ಆಚೆ ಇಡಬಹುದು, ಹಾಬ್ ಹಾಗಲ್ಲ. ಅದರ ಪೈಪ್, ವೈರ್, ಜೋಡಣೆ ಎಲ್ಲವೂ ಕಣ್ಣಿಗೆ ಕಾಣದ ಜಾಗದಲ್ಲಿರುತ್ತವೆ. ಆದ್ದರಿಂದ ಕೂರಿಸುವ ದಿನ ಆದ ತಪ್ಪು ವರ್ಷಗಟ್ಟಲೆ ಹಾಗೇ ಉಳಿದುಬಿಡಬಹುದು.

ಜೆಟ್ ಎಂಬ ಸಣ್ಣ ತೂತಿನ ಕಥೆ

ಪ್ರತಿ ಬರ್ನರ್‌ನ ಬುಡದಲ್ಲಿ ಹಿತ್ತಾಳೆಯ ಒಂದು ಸಣ್ಣ ಜೆಟ್ ಇರುತ್ತದೆ. ಅನಿಲ ಹೊರಬರುವುದು ಅದರ ಸೂಜಿಮೊನೆಯಷ್ಟು ತೂತಿನಿಂದ. ಸಿಲಿಂಡರ್‌ನ ಎಲ್‌ಪಿಜಿ ರೆಗ್ಯುಲೇಟರ್ ದಾಟಿ ಒಲೆಗೆ ಬರುವಾಗ ಅದರ ಒತ್ತಡ ಸುಮಾರು 30 ಮಿಲಿಬಾರ್. ಪೈಪ್‌ನಲ್ಲಿ ಬರುವ ಪಿಎನ್‌ಜಿಯದ್ದು ಸುಮಾರು 21 ಮಿಲಿಬಾರ್. ಸಮ ಗಾತ್ರದ ಅನಿಲ ಉರಿದಾಗ ಪಿಎನ್‌ಜಿ ಕೊಡುವ ಶಾಖ ಎಲ್‌ಪಿಜಿಯ ಅರ್ಧಕ್ಕಿಂತಲೂ ಕಡಿಮೆ. ಅದಕ್ಕೇ ಪಿಎನ್‌ಜಿ ಜೆಟ್‌ನ ತೂತು ದೊಡ್ಡದು, ಎಲ್‌ಪಿಜಿ ಜೆಟ್‌ನದು ಚಿಕ್ಕದು.

ಎಲ್‌ಪಿಜಿ ಜೆಟ್ ಇರುವ ಹಾಬ್‌ಗೆ ಪಿಎನ್‌ಜಿ ಕೊಟ್ಟರೆ ಉರಿ ಸೊರಗುತ್ತದೆ, ಅನ್ನ ಬೇಯಲು ಹೊತ್ತು ಹಿಡಿಯುತ್ತದೆ. ಇದು ಬರೀ ಕಿರಿಕಿರಿ. ಅಪಾಯ ಇರುವುದು ಇದರ ತಿರುವುಮುರುವಿನಲ್ಲಿ. ಪಿಎನ್‌ಜಿಗೆ ಹೊಂದಿಸಿದ ಹಾಬ್‌ಗೆ ಸಿಲಿಂಡರ್ ಜೋಡಿಸಿದರೆ ದೊಡ್ಡ ತೂತಿನಿಂದ ಹೆಚ್ಚು ಒತ್ತಡದ ಅನಿಲ ನುಗ್ಗಿ, ಹಳದಿ ಜ್ವಾಲೆ ಪಾತ್ರೆಯ ಅಂಚು ದಾಟಿ ಮೇಲೇಳುತ್ತದೆ. ಪಾತ್ರೆಗೆ ಮಸಿ ಹಿಡಿಯುವುದಷ್ಟೇ ಅಲ್ಲ, ಅನಿಲ ಪೂರ್ತಿ ಉರಿಯದೆ ವಿಷಕಾರಿ ಕಾರ್ಬನ್ ಮಾನಾಕ್ಸೈಡ್ ಕೂಡ ಹೊರಬರುತ್ತದೆ.

ವರ್ಗಾವಣೆಯ ನೌಕರಿಯಲ್ಲಿರುವ ಕುಟುಂಬಗಳು ಇದನ್ನು ಮುಖ್ಯವಾಗಿ ಗಮನಿಸಬೇಕು. ಮುಂಬೈಯಲ್ಲಿ ಪೈಪ್ ಗ್ಯಾಸ್‌ಗೆ ಬಳಸಿದ ಹಾಬ್ ಬಿಚ್ಚಿಕೊಂಡು ಊರು ಬದಲಿಸಿದಾಗ ಹೊಸ ಮನೆಯಲ್ಲಿ ಸಿಲಿಂಡರ್ ಇರಬಹುದು. ಆಗ ಜೆಟ್ ಬದಲಿಸಿಯೇ ಜೋಡಿಸಬೇಕು. ಸಿಮ್ ಉರಿಯ ತಿರುಪನ್ನೂ ಮತ್ತೆ ಹೊಂದಿಸಬೇಕು. ಈ ಕೆಲಸ ಹಾಬ್ ಕಂಪನಿಯ ಅಥವಾ ಗ್ಯಾಸ್ ಕಂಪನಿಯ ಅಧಿಕೃತ ತಂತ್ರಜ್ಞರದ್ದು. ಇದ್ದ ಜೆಟ್‌ನ ತೂತನ್ನೇ ಡ್ರಿಲ್‌ನಿಂದ ದೊಡ್ಡದು ಮಾಡಿಕೊಡುತ್ತೇವೆ ಎನ್ನುವವರಿಗೆ ಒಪ್ಪಬೇಡಿ. ಬಿಚ್ಚಿದ ಹಳೆಯ ಜೆಟ್‌ಗಳನ್ನು ಒಂದು ಪೊಟ್ಟಣದಲ್ಲಿ ಹಾಕಿ, ಯಾವುದು ಯಾವ ಬರ್ನರ್‌ನದು ಎಂದು ಬರೆದಿಟ್ಟುಕೊಂಡರೆ ಮುಂದಿನ ವರ್ಗಾವಣೆಗೆ ಬೇಕಾಗುತ್ತವೆ.

ಕಲ್ಲು ಕೊರೆಯುವ ಮುನ್ನ

ಹಾಬ್ ಮನೆಗೆ ಬಂದು, ಅದರ ಕೈಪಿಡಿಯ ಅಳತೆ ಕೈಯಲ್ಲಿರುವಾಗಲೇ ಗ್ರಾನೈಟ್ ಕೊರೆಸಬೇಕು. ‘ಮೂರು ಬರ್ನರ್ ಅಳತೆ ಗೊತ್ತಿದೆ’ ಎಂದು ಕಾರ್ಪೆಂಟರ್ ಮೊದಲೇ ಕೊರೆಸಿಬಿಟ್ಟರೆ ತೊಂದರೆ, ಏಕೆಂದರೆ ಒಂದೊಂದು ಮಾಡೆಲ್‌ಗೆ ಒಂದೊಂದು ಅಳತೆ. ಕೊರೆದ ಜಾಗಕ್ಕೂ ಕಟ್ಟೆಯ ಮುಂದಿನ ಅಂಚಿಗೂ ನಡುವೆ ಉಳಿಯುವ ಕಲ್ಲಿನ ಪಟ್ಟಿ ತೀರಾ ಕಿರಿದಾದರೆ ಅಲ್ಲೇ ಬಿರುಕು ಬಿಡುತ್ತದೆ. ಚಿಮ್ನಿಗೂ ಗ್ಯಾಸ್ ಬರ್ನರ್‌ಗೂ ನಡುವೆ ಸಾಮಾನ್ಯವಾಗಿ 65ರಿಂದ 75 ಸೆಂಟಿಮೀಟರ್ ಅಂತರ ಬೇಕು.

ಹಾಬ್ ಕೆಳಗಿನ ಕಪಾಟು ಗಾಳಿಯಾಡುವಂತಿರಬೇಕು. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಕೆಳಗಿಳಿದು ನೆಲದಲ್ಲಿ, ಮೋರಿಯ ತಗ್ಗಿನಲ್ಲಿ ಕೂಡಿಕೊಳ್ಳುತ್ತದೆ. ಪಿಎನ್‌ಜಿ ಹಗುರ, ಮೇಲೇರಿ ಸೂರಿನ ಕೆಳಗೆ ಸೇರುತ್ತದೆ. ಹಾಗಾಗಿ ಸಿಲಿಂಡರ್ ಇರುವ ಮನೆಯಲ್ಲಿ ನೆಲಮಟ್ಟದ ಕಿಂಡಿಯೂ, ಪೈಪ್ ಗ್ಯಾಸ್ ಇರುವ ಮನೆಯಲ್ಲಿ ಮೇಲಿನ ವೆಂಟಿಲೇಟರೂ ತೆರೆದಿರಬೇಕು. ಮಾಡ್ಯುಲರ್ ಕಿಚನ್‌ನ ಅಂದಕ್ಕಾಗಿ ಸಿಲಿಂಡರನ್ನು ಬಿಗಿಯಾದ ಕಪಾಟಿನಲ್ಲಿ ಮುಚ್ಚಿಡುವುದು ಸರಿಯಲ್ಲ.

ಪೈಪ್ ವಿಷಯದಲ್ಲಿ ಉಳಿತಾಯ ಬೇಡ. ಸಿಲಿಂಡರ್ ಇರುವವರು ಐಎಸ್‌ಐ ಮುದ್ರೆಯ, ಒಳಗೆ ತಂತಿ ಹೆಣೆದ ‘ಸುರಕ್ಷಾ’ ಪೈಪನ್ನೇ ಹಾಕಿಸಬೇಕು. ಉದ್ದ ಒಂದೂವರೆ ಮೀಟರ್ ಮೀರಬಾರದು, ಐದು ವರ್ಷಕ್ಕೊಮ್ಮೆ ಬದಲಿಸಬೇಕು. ಹಾಬ್‌ನ ಬಿಸಿ ತಳಕ್ಕೆ ಪೈಪ್ ತಾಗದಂತೆ, ಡ್ರಾಯರ್ ಎಳೆದಾಗ ಉಜ್ಜದಂತೆ ನೋಡಿಕೊಳ್ಳಿ. ಗ್ಯಾಸ್ ನಿಲ್ಲಿಸುವ ವಾಲ್ವ್ ಡಬ್ಬಿಗಳ ಹಿಂದೆ ಅಡಗಿರದೆ, ಕೈ ಚಾಚಿದರೆ ಸಿಗುವಂತಿರಬೇಕು.

ವಿದ್ಯುತ್ ಭಾಗದ ಲೆಕ್ಕ

2,000 ವಾಟ್‌ನ ಇಂಡಕ್ಷನ್ ಒಲೆ 230 ವೋಲ್ಟ್‌ನಲ್ಲಿ ಎಳೆಯುವ ಕರೆಂಟ್ ಸುಮಾರು 8.7 ಆಂಪಿಯರ್. ಮಿಕ್ಸಿಗೆ ಹಾಕುವ 6 ಆಂಪಿಯರ್ ಸಾಕೆಟ್ ಇದನ್ನು ತಾಳದು. 16 ಆಂಪಿಯರ್ ಸಾಕೆಟ್, ಅದಕ್ಕೆ ತಕ್ಕ ದಪ್ಪನೆಯ ವೈರ್, ಪ್ರತ್ಯೇಕ ಎಂಸಿಬಿ, ಸರಿಯಾದ ಅರ್ಥಿಂಗ್ ಇರಬೇಕು. ಎರಡು ವಿದ್ಯುತ್ ಒಲೆಗಳಿರುವ ಹಾಬ್‌ನಲ್ಲಿ ಎರಡನ್ನೂ ಒಟ್ಟಿಗೆ ಉರಿಸಿದರೆ ಆ ಸಾಕೆಟ್‌ನ ಮಿತಿಯೂ ದಾಟಬಹುದು. ಎಕ್ಸ್‌ಟೆನ್ಷನ್ ಬೋರ್ಡ್ ಬೇಡವೇ ಬೇಡ. ಹಳೆಯ ಕಟ್ಟಡದ ಬಾಡಿಗೆ ಮನೆಯಾದರೆ, ಮನೆಗೆ ಮಂಜೂರಾದ ಲೋಡ್ ಎಷ್ಟೆಂದು ಮೊದಲು ಕರೆಂಟ್ ಬಿಲ್ ನೋಡಿ. ಅಂದಹಾಗೆ, ಈ ಒಲೆ ಪೂರ್ಣ ಶಕ್ತಿಯಲ್ಲಿ ಅರ್ಧ ಗಂಟೆ ಉರಿದರೆ ಒಂದು ಯೂನಿಟ್ ಖರ್ಚು.

ಯಾವ ಅಡುಗೆ ಯಾವುದರ ಮೇಲೆ?

ಹೈಬ್ರಿಡ್ ಹಾಬ್‌ನ ಲಾಭ ಕನ್ನಡಿಗರ ಅಡುಗೆಮನೆಗೆ ಚೆನ್ನಾಗಿಯೇ ಹೊಂದುತ್ತದೆ. ಹಾಲು ಕಾಯಿಸಲು, ಅನ್ನಕ್ಕೆ, ಸಾರು ಕುದಿಸಲು ಇಂಡಕ್ಷನ್ ಸಾಕು. ಜೋಳದ ರೊಟ್ಟಿಯನ್ನು ಕೊನೆಗೆ ಉರಿಯಲ್ಲಿ ಉಬ್ಬಿಸಬೇಕೆಂದರೆ, ಬದನೆಕಾಯಿ ಸುಡಬೇಕೆಂದರೆ ಗ್ಯಾಸೇ ಬೇಕು. ರಾಗಿ ಮುದ್ದೆ ತೊಳಸುವಾಗ ಮಾತ್ರ ಪಾತ್ರೆಯನ್ನು ಕೆಳಗಿಳಿಸಿಕೊಳ್ಳುವುದು ಒಳ್ಳೆಯದು. ಕೋಲು ಒತ್ತುವ ಭಾರವೆಲ್ಲ ಗಾಜಿನ ಮೇಲೆ ಬೀಳಬಾರದು.

ಇಂಡಕ್ಷನ್‌ಗೆ ತಳದಲ್ಲಿ ಅಯಸ್ಕಾಂತ ಅಂಟುವ, ಸಪಾಟಾದ ಪಾತ್ರೆ ಬೇಕು. ಬರೀ ಅಲ್ಯೂಮಿನಿಯಂನ ಹಳೆಯ ಕುಕ್ಕರ್, ತಾಮ್ರದ ಪಾತ್ರೆ ಅದರ ಮೇಲೆ ಕಾಯುವುದಿಲ್ಲ. ಸೆರಾಮಿಕ್ ಒಲೆ ಸಪಾಟು ತಳದ ಯಾವ ಲೋಹದ ಪಾತ್ರೆಗಾದರೂ ಆದೀತು, ಆದರೆ ಆರಿಸಿದ ಮೇಲೂ ಬಹಳ ಹೊತ್ತು ಸುಡುತ್ತಿರುತ್ತದೆ. ಮನೆಯಲ್ಲಿ ಮಕ್ಕಳಿದ್ದರೆ ಇದನ್ನು ಯೋಚಿಸಿಯೇ ಆರಿಸಿ.

ಫ್ಲೇಮ್ ಫೇಲ್ಯೂರ್ ಡಿವೈಸ್ ಇರುವ ಹಾಬ್‌ಗೆ ಸ್ವಲ್ಪ ಹೆಚ್ಚು ಹಣ ಕೊಟ್ಟರೂ ನಷ್ಟವಿಲ್ಲ. ಬರ್ನರ್ ಪಕ್ಕದ ಸಣ್ಣ ಕಡ್ಡಿ ಬಿಸಿಯಾಗಿದ್ದರೆ ಮಾತ್ರ ಅನಿಲ ಹರಿಯುತ್ತದೆ. ಹಾಲು ಉಕ್ಕಿಯೋ ಗಾಳಿಗೋ ಉರಿ ಆರಿದರೆ ಕಡ್ಡಿ ತಣ್ಣಗಾಗಿ ವಾಲ್ವ್ ತಾನೇ ಮುಚ್ಚಿಕೊಳ್ಳುತ್ತದೆ. ಹಚ್ಚುವಾಗ ನಾಬ್ ಅನ್ನು ಕೆಲವು ಸೆಕೆಂಡ್ ಒತ್ತಿ ಹಿಡಿಯಬೇಕಾದದ್ದು ಇದಕ್ಕೇ. ಅದು ದೋಷವಲ್ಲ.

ಗೃಹಪ್ರವೇಶದ ದಿನ ಹೊಸ ಹಾಬ್ ಮೇಲೆಯೇ ಹಾಲುಕ್ಕಿಸುವ ಮನೆಗಳುಂಟು. ಶಾಸ್ತ್ರ ಬಿಡಬೇಕಿಲ್ಲ. ಹಾಲು ಕಡಿಮೆ ಹಾಕಿ, ಉಕ್ಕಿದ ಮೇಲೆ ಉರಿ ಆರಿಸಿ, ತಣಿದ ಕೂಡಲೇ ಒರೆಸಿದರಾಯಿತು. ಬರ್ನರ್ ತೂತಿನಲ್ಲಿ ಒಣಗಿದ ಹಾಲು ಮೊದಲ ವಾರದಿಂದಲೇ ಉರಿಯನ್ನು ಕೆಡಿಸುತ್ತದೆ.

ಗಾಜು, ಬರ್ನರ್, ಬ್ಯಾಟರಿ

ಹಾಬ್‌ನ ಗಾಜು ಗಟ್ಟಿಯಾದದ್ದೇ, ಆದರೂ ಒಡೆಯುತ್ತದೆ. ಅಗಲವಾದ ತಳದ ಪಾತ್ರೆ ಬರ್ನರ್ ದಾಟಿ ಚಾಚಿಕೊಂಡಾಗ ಶಾಖ ಕೆಳಮುಖವಾಗಿ ಗಾಜಿಗೆ ಬಡಿಯುತ್ತದೆ. ಒರೆಸುವ ಕೆಲಸ ಉಳಿಯಲೆಂದು ಹಾಸುವ ಅಲ್ಯೂಮಿನಿಯಂ ಹಾಳೆಯೂ ಶಾಖವನ್ನು ಅಲ್ಲೇ ಹಿಡಿದಿಡುತ್ತದೆ. ಕಾದ ಗಾಜಿನ ಮೇಲೆ ಒದ್ದೆ ಬಟ್ಟೆ ಎಳೆಯಬೇಡಿ. ನೀರು ಸುರಿದು ತೊಳೆಯಲೇಬೇಡಿ, ಅದು ಕೆಳಗಿನ ವಿದ್ಯುತ್ ಭಾಗಕ್ಕೆ ಇಳಿಯುತ್ತದೆ.

ಬರ್ನರ್‌ನ ಮುಚ್ಚಳಗಳನ್ನು ವಾರಕ್ಕೊಮ್ಮೆ ಸೋಪು ನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ, ಓರೆಯಾಗದಂತೆ ಕೂರಿಸಿ. ತೂತು ಬಿಡಿಸಲು ಪಿನ್ ಬಳಸಿ, ಕಡ್ಡಿಯಾದರೆ ಒಳಗೇ ಮುರಿಯುತ್ತದೆ. ನೀಲಿ ಉರಿ ಹಳದಿಗೆ ತಿರುಗಿದರೆ ಮೊದಲು ಇದನ್ನೇ ನೋಡಿ, ಆಮೇಲೂ ಸರಿಹೋಗದಿದ್ದರೆ ತಂತ್ರಜ್ಞರನ್ನು ಕರೆಸಿ. ಕಿಡಿ ಬಾರದಿದ್ದರೆ ಎಷ್ಟೋ ಸಲ ಬ್ಯಾಟರಿ ಮುಗಿದಿರುತ್ತದೆ, ಇಲ್ಲವೇ ಕಿಡಿ ಬರುವ ಮೊನೆಗೆ ಜಿಡ್ಡು ಹತ್ತಿರುತ್ತದೆ.

ವಾಸನೆ ಬಂದರೆ

ಸೋರಿಕೆಯ ಅನುಮಾನ ಬಂದರೆ ಜೋಡಣೆಗಳಿಗೆ ಸೋಪು ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡಬೇಕು. ಬೆಂಕಿಕಡ್ಡಿ ಗೀರಿ ಎಂದೂ ಪರೀಕ್ಷಿಸಬಾರದು. ವಾಸನೆ ಗಾಢವಾಗಿದ್ದರೆ ನಾಬ್, ರೆಗ್ಯುಲೇಟರ್ ಅಥವಾ ಪೈಪ್ ಗ್ಯಾಸ್‌ನ ವಾಲ್ವ್ ಮುಚ್ಚಿ, ಕಿಟಕಿ ಬಾಗಿಲು ತೆರೆದು ಹೊರಗೆ ಬನ್ನಿ. ಗ್ಯಾಸ್ ಹೊರಹೋಗಲಿ ಎಂದು ಚಿಮ್ನಿ ಅಥವಾ ಎಕ್ಸಾಸ್ಟ್ ಫ್ಯಾನ್ ಹಾಕುವುದು ದೊಡ್ಡ ತಪ್ಪು, ಸ್ವಿಚ್‌ನ ಕಿಡಿಯೊಂದೇ ಸಾಕು. ಹೈಬ್ರಿಡ್ ಹಾಬ್‌ನ ಪ್ಲಗ್ ಕೀಳುವುದೂ ಅಷ್ಟೇ ಅಪಾಯ. ಹೊರಗೆ ಬಂದ ಮೇಲೆ ಫೋನ್ ಮಾಡಿ. ಎಲ್‌ಪಿಜಿ ತುರ್ತು ಸಹಾಯವಾಣಿ 1906, ದಿನದ 24 ಗಂಟೆಯೂ ಲಭ್ಯ. ಪೈಪ್ ಗ್ಯಾಸ್‌ಗೆ ಆಯಾ ನಗರದ ಕಂಪನಿಯ ತುರ್ತು ಸಂಖ್ಯೆ ಬಿಲ್‌ನಲ್ಲಿರುತ್ತದೆ. ಅದನ್ನು ಈಗಲೇ ಮನೆಯವರೆಲ್ಲರ ಮೊಬೈಲ್‌ನಲ್ಲಿ ಉಳಿಸಿಡಿ.