ಕಣ್ಣನೂರಿನಲ್ಲಿ ನಮ್ಮ ಹೊಯ್ಸಳರು

ಕೋಯಂಬೇಡಿನ ಹೂವಿನ ಮಾರ್ಕೆಟ್ಟಿಗೆ ಹೋದರೆ ಎಲ್ಲೆಲ್ಲೂ 'ಪೂ' ಅನ್ನುವ ಕೂಗು. ನಮ್ಮ ಹಳಗನ್ನಡದಲ್ಲೂ ಹೂವು 'ಪೂ'ವೇ, ಹಾಲು 'ಪಾಲ್' ಆಗಿತ್ತು. ಪದದ ಮೊದಲಿನ 'ಪ'ವನ್ನು ನಾವು 'ಹ' ಮಾಡಿಕೊಂಡೆವು, ತಮಿಳರು ಹಾಗೇ ಉಳಿಸಿಕೊಂಡರು. ಇದೇನಪ್ಪಾ ವ್ಯಾಕರಣ ಪಾಠ ಅನ್ನಬೇಡಿ, ಮುಂದೆ ಬೇಕಾಗುತ್ತದೆ.

ಚೆನ್ನೈ ಸೇರಿ ದಶಕಗಳೇ ಕಳೆದರೂ ರಜೆ ಬಂದರೆ ನಾವು ಕನ್ನಡಿಗರು ಊರಿನ ಕಡೆಗೇ ಓಡುತ್ತೇವೆ. ತಿರುಚ್ಚಿಗೆ ಹೋದವರೂ ಶ್ರೀರಂಗ ನೋಡಿ ವಾಪಸ್ಸು. ಆದರೆ ಶ್ರೀರಂಗದಿಂದ ಕೊಳ್ಳಿಡಂ ನದಿ ದಾಟಿ ಸ್ವಲ್ಪ ಉತ್ತರಕ್ಕೆ ಹೋದರೆ ಸಮಯಪುರಂ ಇದೆ. ಅಲ್ಲಿನ ಮಾರಿಯಮ್ಮ ತಮಿಳುನಾಡಿಗೆಲ್ಲ ಗೊತ್ತು. ಅದೇ ಊರು ಒಂದು ಕಾಲಕ್ಕೆ ಹೊಯ್ಸಳರ ರಾಜಧಾನಿಯಾಗಿತ್ತು ಅಂತ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ನಾನು ಮೊದಲ ಸಲ ಹೋದಾಗ ತಿರುಚ್ಚಿ ಬಸ್ಸು ಕೋಯಂಬೇಡಿನಲ್ಲೇ ಸಿಗುತ್ತಿತ್ತು. 2023ರ ಡಿಸೆಂಬರ್ ಕೊನೆಯಲ್ಲಿ ಕಿಲಾಂಬಾಕ್ಕಂ ನಿಲ್ದಾಣ ಶುರುವಾದ ಮೇಲೆ ದಕ್ಷಿಣದ ಬಸ್ಸುಗಳು ಅಲ್ಲಿಗೆ ಹೋದವು. ರಾತ್ರಿ ಹತ್ತಿ ಮಲಗಿದರೆ ಬೆಳಗಾಗುವಾಗ ಬತ್ತದ ಗದ್ದೆ, ಬಾಳೆ ತೋಟ. ತಿರುಚ್ಚಿಯ ಪಶ್ಚಿಮಕ್ಕೆ ಮುಕ್ಕೊಂಬು ಅನ್ನುವಲ್ಲಿ ಕಾವೇರಿ ಎರಡಾಗಿ ಒಡೆಯುತ್ತಾಳೆ. ಉತ್ತರದ ಕವಲು ಕೊಳ್ಳಿಡಂ. ನಡುವಿನ ದ್ವೀಪವೇ ಶ್ರೀರಂಗ. ಇಲ್ಲಿಂದ ಕೆಳಕ್ಕೆ ತಂಜಾವೂರು, ಕುಂಭಕೋಣದವರೆಗೆ ಕಾಲುವೆಗಳ ನಾಡು. ಈ ಬಾಗಿಲಲ್ಲಿ ಕೂತವನ ಕೈಯಲ್ಲಿ ಚೋಳನಾಡಿನ ಅನ್ನದ ಬಟ್ಟಲು ಇದ್ದಂತೆ.

ಹೊಯ್ಸಳರು ಇಲ್ಲಿಗೆ ಬಂದದ್ದು ನೆಂಟಸ್ತಿಕೆಯ ದಾರಿಯಲ್ಲಿ. ಎರಡನೇ ವೀರಬಲ್ಲಾಳನ ರಾಣಿಯರಲ್ಲಿ ಒಬ್ಬಳು ಚೋಳಮಹಾದೇವಿ. 1231ರ ಸುಮಾರಿಗೆ ಚೋಳ ದೊರೆ ಮೂರನೇ ರಾಜರಾಜನನ್ನು ಕೋಪ್ಪೆರುಂಜಿಂಗ ಎಂಬ ಸಾಮಂತ ಸೇಂದಮಂಗಲದಲ್ಲಿ ಸೆರೆಯಿಟ್ಟ. ಬಲ್ಲಾಳನ ಮಗ ಎರಡನೇ ನರಸಿಂಹ ತನ್ನ ದಂಡನಾಯಕರಾದ ಅಪ್ಪಣ್ಣ ಮತ್ತು ಸಮುದ್ರ ಗೋಪಯ್ಯರನ್ನು ಕಳಿಸಿ ಅವನನ್ನು ಬಿಡಿಸಿದ. ಕಡಲೂರಿನ ಹತ್ತಿರದ ತಿರುವೇಂದಿಪುರದ ಶಾಸನ ಈ ಕಥೆಯನ್ನು ವಿವರವಾಗಿ ಹೇಳುತ್ತದೆ. ನರಸಿಂಹನಿಗೆ 'ಚೋಳರಾಜ್ಯ ಪ್ರತಿಷ್ಠಾಚಾರ್ಯ' ಅನ್ನುವ ಬಿರುದು ಬಂತು.

ಸಹಾಯಕ್ಕೆ ಬಂದವರು ಅಲ್ಲೇ ನೆಲೆಸಿದರು! ನರಸಿಂಹನ ಮಗ ಸೋಮೇಶ್ವರ ಕಣ್ಣನೂರಿನಲ್ಲಿ, ಅಂದರೆ ಇಂದಿನ ಸಮಯಪುರಂನಲ್ಲಿ, ಅರಮನೆ ಕಟ್ಟಿಸಿ ವಿಕ್ರಮಪುರ ಅಂತ ಕರೆದ. ಜಂಬುಕೇಶ್ವರದ ಅವನ ಶಾಸನದಲ್ಲಿ ಅಜ್ಜ ಬಲ್ಲಾಳ, ಅಜ್ಜಿ ಪದ್ಮಲದೇವಿ, ಅಪ್ಪ ನರಸಿಂಹ ಇವರ ಹೆಸರಿನ ಶಿವಾಲಯಗಳ ಉಲ್ಲೇಖವಿದೆ. ಪರವೂರಿನಲ್ಲಿ ಮನೆ ಕಟ್ಟಿ ಗೇಟಿಗೆ ಅಜ್ಜಿಯ ಹೆಸರು ಹಾಕುವ ನಮ್ಮಂಥವರಿಗೆ ಇದು ಬೇಗ ಅರ್ಥವಾಗುತ್ತದೆ. 1254ರ ಸುಮಾರಿಗೆ ರಾಜ್ಯ ಹಂಚಿಹೋಯಿತು. ದೋರಸಮುದ್ರ ಮಗ ಮೂರನೇ ನರಸಿಂಹನಿಗೆ, ಕಣ್ಣನೂರು ಇನ್ನೊಬ್ಬ ಮಗ ರಾಮನಾಥನಿಗೆ. ಸೋಮೇಶ್ವರ ಪಾಂಡ್ಯರೊಂದಿಗಿನ ಯುದ್ಧದಲ್ಲಿ ಸತ್ತ.

ಆಮೇಲೆ ರಾಜ್ಯವನ್ನು ಮತ್ತೆ ಒಂದು ಮಾಡಿದ ಮೂರನೇ ಬಲ್ಲಾಳನೂ ಕೊನೆಗೆ ಇಲ್ಲಿಗೇ ಬಂದ. 1342-43ರಲ್ಲಿ ಮಧುರೆ ಸುಲ್ತಾನರ ಕೈಲಿದ್ದ ಕಣ್ಣನೂರು ಕೊಪ್ಪಕ್ಕೆ ಮುತ್ತಿಗೆ ಹಾಕಿ ಸೆರೆ ಸಿಕ್ಕ. ಆಗ ಅವನಿಗೆ ಎಂಬತ್ತರ ವಯಸ್ಸು ಅನ್ನುತ್ತಾನೆ ಇಬ್ನ್ ಬತೂತ. ಚರ್ಮ ಸುಲಿದು, ಹುಲ್ಲು ತುಂಬಿ ಮಧುರೆಯ ಗೋಡೆಗೆ ನೇತುಹಾಕಿದ್ದನ್ನು ತಾನೇ ಕಂಡೆ ಅಂತಲೂ ಬರೆದಿದ್ದಾನೆ. ನಮ್ಮ ಶಾಲೆಯ ಪಾಠ ಬೇಲೂರು-ಹಳೇಬೀಡಿನ ಶಿಲ್ಪದ ಹತ್ತಿರ ನಿಂತುಬಿಟ್ಟಿತ್ತು, ಈ ಮುದುಕ ಅರಸನ ಕೊನೆ ನಮಗೆ ಯಾರೂ ಹೇಳಲಿಲ್ಲ.

ಸೋಮೇಶ್ವರನ ಕಾಲದ ಪೊಯ್ಸಳೇಶ್ವರ ದೇವಸ್ಥಾನ ಈಗಲೂ ಇದೆ. ಬೇಲೂರಿನ ನಕ್ಷತ್ರದ ಜಗಲಿ, ಮದನಿಕೆಯರನ್ನು ಹುಡುಕಬೇಡಿ. ಗುಡಿ ಅಲ್ಲಿಯವರ ರೀತಿಯಲ್ಲೇ ಇದೆ. ಹೆಸರು ಮಾತ್ರ 'ಭೋಜೀಶ್ವರ' ಆಗಿದೆ! ಭೋಜರಾಜನಿಗೂ ಇದಕ್ಕೂ ಸಂಬಂಧವಿಲ್ಲ. ತಮಿಳಿನಲ್ಲಿ ಪ, ಬ, ಭ ಎಲ್ಲಕ್ಕೂ ಒಂದೇ ಅಕ್ಷರ. ಪೊಯ್ಸಳ ಹೋಗಿ ಪೋಸಳ, ಅದು ಹೋಗಿ ಭೋಜ. ಶಾಸನ ಓದಿ ಮೂಲ ಹೆಸರು ಗುರುತಿಸಿದವರು 19ನೇ ಶತಮಾನದ ಕೊನೆಯ ಜರ್ಮನ್ ವಿದ್ವಾಂಸ ಹುಲ್ಟ್ಜ್.

ಹೆಸರು ಕೆಡಿಸಿದರು ಅಂತ ತಮಿಳರ ಮೇಲೆ ಕೋಪ ಮಾಡಿಕೊಳ್ಳೋಣವೇ? ಪೊಯ್ಸಳವನ್ನು ಹೊಯ್ಸಳ ಮಾಡಿದ ನಾವೇನು ಕಡಿಮೆ? ಅವರು ಒಂದು ಕಡೆಗೆ ಎಳೆದರು, ನಾವು ಇನ್ನೊಂದು ಕಡೆಗೆ. ಅಷ್ಟೇ.

1991ರಲ್ಲಿ, ಮತ್ತೆ 2016ರಲ್ಲಿ ಕಾವೇರಿ ಗಲಾಟೆಯಾದಾಗ ಇಲ್ಲಿ ನಾವು ರಸ್ತೆಯಲ್ಲಿ ಕನ್ನಡವನ್ನು ಸ್ವಲ್ಪ ಮೆಲ್ಲಗೇ ಆಡಿದ್ದೇವೆ. ಆ ದಿನಗಳಲ್ಲಿ ನದಿ ಅಂದರೆ ಟಿಎಂಸಿ ಲೆಕ್ಕ ಮಾತ್ರ. ಕಣ್ಣನೂರು ನೋಡಿ ನೀರಿನ ಜಗಳ ಬಗೆಹರಿಯುವುದಿಲ್ಲ, ನಿಜ. ಆದರೆ ಆ ನದಿಯ ಕೆಳದಂಡೆಯಲ್ಲಿ ಕನ್ನಡದ ದೊರೆಗಳು ಮನೆ ಮಾಡಿ, ಚೋಳರಿಗಾಗಿ ಹೋರಾಡಿ, ಅಲ್ಲಿಯ ದೇವರಿಗೆ ನಡೆದುಕೊಂಡು, ಅಲ್ಲೇ ಸೋತದ್ದೂ ಲೆಕ್ಕಕ್ಕೆ ಬರಬೇಕಲ್ಲವೇ?

ನೀವು ಹೋಗುವುದಾದರೆ ಒಂದು ಮಾತು. ಆಟೋದವರಿಗೆ ಹೊಯ್ಸಳ ಅಂದರೆ ತಿಳಿಯಲಿಕ್ಕಿಲ್ಲ. 'ಭೋಜೀಶ್ವರರ್ ಕೋವಿಲ್' ಅನ್ನಿ.